ಬಂಧನವೆಂಬ ಅತಿಚಾರ

ಚಾಮರಾಜನಗರದ ಪಾರ್ಶ್ವನಾಥ ಬಸದಿಯ ಶಾಸನವು ಕ್ರಿ.ಶ. 1117ರದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನೂ ಜಿನಭಕ್ತನೂ ಆದ ಪುಣಿಸನು ನಷ್ಟಹೊಂದಿದ ವರ್ತಕನಿಗೂ, ಬಿತ್ತಲು ಬೀಜವಿಲ್ಲದ ರೈತನಿಗೂ, ಅಧಿಕಾರ ಕಳೆದುಕೊಂಡ ಕಿರಾತ ನಾಯಕನಿಗೂ ಕಳೆದುದನ್ನು ಮರಳಿ ಕೊಟ್ಟು ಸಲಹಿದನೆಂದು ಅದು ಕೊಂಡಾಡುತ್ತದೆ. ಸೋತವನನ್ನು ತುಳಿಯದಿರುವುದೇ ಅಲ್ಲಿ ಶೌರ್ಯದ ಅಳತೆಗೋಲು.

ಇಂದಿನ ಅದೇ ಜಿಲ್ಲೆಯ ಕಾಡಂಚಿನಲ್ಲಿ ಈ ಅಳತೆಗೋಲಿಗೆ ಕಠಿಣ ಪರೀಕ್ಷೆ ಒದಗಿತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ತಂಡದ ನೆಲಬಾಂಬಿಗೆ 22 ಜನರು ಬಲಿಯಾದರು. ಆ ಹಿಂಸೆ ಘೋರವಾದುದು. ಆದರೆ ಅದರ ಬೆನ್ನಲ್ಲೇ ಕಾಡಂಚಿನ ಅನೇಕ ಬಡವರು ಟಾಡಾ ಕಾಯಿದೆಯಡಿ ಮೈಸೂರಿನ ಸೆರೆಮನೆ ಸೇರಿದರು. 1995ರಲ್ಲಿ ಆ ಕಾಯಿದೆಯೇ ಕೊನೆಗೊಂಡರೂ ಅವರ ಮೊಕದ್ದಮೆ ಮುಗಿಯಲಿಲ್ಲ. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯವು ನೂರಕ್ಕೂ ಹೆಚ್ಚು ಆರೋಪಿಗಳನ್ನು ಖುಲಾಸೆಗೊಳಿಸಿತು.

ಸಂತ್ರಸ್ತ ಗ್ರಾಮಸ್ಥರೂ ನಾಗರಿಕ ಹಕ್ಕುಗಳ ಸಂಘಟನೆಗಳೂ ಮೌನ ಮುರಿದುದರ ಫಲವಾಗಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ಕಾರ್ಯಪಡೆಯ ದೌರ್ಜನ್ಯಕ್ಕೆ ತುತ್ತಾದ 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರ ನೀಡುವಂತೆ ಆಯೋಗವು 2007ರಲ್ಲಿ ಸೂಚಿಸಿತು. ಕಳೆದ ವರ್ಷಗಳನ್ನು ಮಾತ್ರ ಯಾವ ಹಣವೂ ಮರಳಿಸಲಾರದು.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧನವನ್ನೇ ಮೊದಲು ಹೇಳುತ್ತದೆ. ಹೊಡೆತ, ಅಂಗಚ್ಛೇದ, ಅತಿಭಾರ, ಅನ್ನಪಾನನಿರೋಧಗಳು ಅನಂತರ ಬರುತ್ತವೆ. ಅಪರಾಧಕ್ಕೆ ದಂಡನೆ ರಾಜ್ಯದ ಧರ್ಮ. ವಿಚಾರಣೆಯಿಲ್ಲದ ದೀರ್ಘ ಸೆರೆ ಧರ್ಮವಲ್ಲ. ಚಾಮರಾಜನಗರ, ಗುಂಡ್ಲುಪೇಟೆಗಳ ಬಡ ಬಂದಿಗಳಿಗೂ ಕಾನೂನು ಸೇವಾ ಸಮಿತಿಯ ಮೂಲಕ ಉಚಿತವಾಗಿ ವಕೀಲರನ್ನು ಪಡೆಯುವ ಹಕ್ಕಿದೆ. ಇದನ್ನು ಅವರ ಮನೆಯವರಿಗೆ ತಿಳಿಸಿ, ನ್ಯಾಯಾಲಯದ ಬಾಗಿಲವರೆಗೆ ಜೊತೆಗೂಡುವುದೂ ಶ್ರಾವಕರ ಪಾಲಿಗೆ ಅಭಯದಾನವೇ ಸರಿ.