ಹಿಮಗಿರಿಯ ಹಾದಿಯಲ್ಲಿ ಮರಳಿ ಬಾರದ ವಿಮಾನಗಳು

ದ್ವಿತೀಯ ಮಹಾಯುದ್ಧವೆಂದರೆ ನಮ್ಮ ಮನಸ್ಸಿಗೆ ಮೊದಲು ಬರುವುದು ಯೂರೋಪಿನ ರಣರಂಗಗಳು, ಲಂಡನ್ ನಗರದ ಮೇಲೆ ಬಿದ್ದ ಬಾಂಬುಗಳು, ಹಿರೋಷಿಮಾ ಮತ್ತು ನಾಗಾಸಾಕಿಗಳ ದುರಂತ. ಆದರೆ ನಮ್ಮ ದೇಶದ ಈಶಾನ್ಯ ಮೂಲೆಯಿಂದಲೇ ಹೊರಟು, ಪ್ರಪಂಚದ ಅತಿ ದುರ್ಗಮ ಪರ್ವತಗಳನ್ನು ದಾಟಿ, ಮೂರೂವರೆ ವರ್ಷಗಳ ಕಾಲ ಹಗಲಿರುಳೂ ನಡೆದ ವಿಮಾನ ಸಾಗಣೆಯೊಂದು ಆ ಯುದ್ಧದ ಇತಿಹಾಸದಲ್ಲಿದೆ. ಆ ಹಾದಿಯಲ್ಲಿ ಸುಮಾರು 600 ವಿಮಾನಗಳು ನಾಶವಾದವು. ಅವುಗಳಲ್ಲಿದ್ದ ನೂರಾರು ತರುಣರಿಗೆ ಇಂದಿಗೂ ಸಮಾಧಿಯೆಂಬುದಿಲ್ಲ. ಶತ್ರುವಿನ ಗುಂಡಿಗಿಂತ ಮಂಜಿಗೂ ಬಿರುಗಾಳಿಗೂ ಮನುಷ್ಯರ ಆತುರಕ್ಕೂ ಹೆಚ್ಚಾಗಿ ಬಲಿಯಾದ ಆ ವಿಮಾನಪಡೆಗಳ ಕಥೆಯನ್ನು ಈ ಲೇಖನದಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಪ್ರಯತ್ನಿಸಿದ್ದೇವೆ.

ನೆಲದ ಹಾದಿ ಮುಚ್ಚಿದ ಬಗೆ

ಜಪಾನಿನೊಡನೆ 1937ರಿಂದ ಹೋರಾಡುತ್ತಿದ್ದ ಚೀನಾ ದೇಶಕ್ಕೆ ಕರಾವಳಿಯ ಬಂದರುಗಳು ಒಂದೊಂದಾಗಿ ಕೈತಪ್ಪಿ ಹೋದವು. ಆಗ ಉಳಿದ ಮುಖ್ಯ ಮಾರ್ಗವೆಂದರೆ ಬರ್ಮಾದ ಲಾಶಿಯೋ ಪಟ್ಟಣದಿಂದ ಚೀನಾದ ಕುನ್ಮಿಂಗ್ ನಗರದವರೆಗೆ ಬೆಟ್ಟಗಳನ್ನು ಕಡಿದು ನಿರ್ಮಿಸಿ, 1938ರಲ್ಲಿ ಸಂಚಾರಕ್ಕೆ ತೆರೆದ ಬರ್ಮಾ ರಸ್ತೆ. ರಂಗೂನಿನಲ್ಲಿ ಹಡಗಿನಿಂದ ಇಳಿದ ಸಾಮಗ್ರಿ ರೈಲಿನಲ್ಲಿ ಲಾಶಿಯೋ ಸೇರಿ, ಅಲ್ಲಿಂದ ಲಾರಿಗಳಲ್ಲಿ ಕುನ್ಮಿಂಗ್‌ಗೆ ಹೋಗುತ್ತಿತ್ತು. 1942ರ ಮಾರ್ಚ್ ತಿಂಗಳಲ್ಲಿ ರಂಗೂನು ಜಪಾನೀಯರ ವಶವಾಯಿತು. ಏಪ್ರಿಲ್ ಕೊನೆಯಲ್ಲಿ ಲಾಶಿಯೋ ಕೂಡ ಬಿದ್ದಿತು. ನೆಲದ ಹಾದಿ ಅಲ್ಲಿಗೆ ಮುಗಿಯಿತು.

ಚೀನಾ ಶರಣಾದರೆ ಅಲ್ಲಿ ಸಿಕ್ಕಿಕೊಂಡಿದ್ದ ಲಕ್ಷಾಂತರ ಜಪಾನೀ ಸೈನಿಕರು ಬೇರೆ ರಂಗಗಳತ್ತ ತಿರುಗುವರೆಂಬುದು ಮಿತ್ರರಾಷ್ಟ್ರಗಳ ಭಯವಾಗಿತ್ತು. ಆದುದರಿಂದ ಪೆಟ್ರೋಲಿನಿಂದ ಹಿಡಿದು ಮದ್ದುಗುಂಡಿನವರೆಗೆ ಪ್ರತಿಯೊಂದನ್ನೂ ಆಕಾಶಮಾರ್ಗವಾಗಿಯೇ ಸಾಗಿಸಬೇಕೆಂದು ಅಮೆರಿಕ ನಿರ್ಧರಿಸಿತು. ಅಸ್ಸಾಮಿನ ದಿಂಜನ್, ಚಬುವಾ, ಮೋಹನ್‌ಬಾರಿ, ಜೋರಹಾಟ್ ಮೊದಲಾದ ಕಡೆಗಳಲ್ಲಿ ವಿಮಾನ ನಿಲ್ದಾಣಗಳು ಸಿದ್ಧವಾದವು. ಇವುಗಳ ಓಡುಹಾದಿಗಳನ್ನು ನಿರ್ಮಿಸಲು ಕಲ್ಲು ಹೊತ್ತವರಲ್ಲಿ ಚಹಾ ತೋಟಗಳ ಬಡ ಕೂಲಿಕಾರರು, ಗಂಡಸರೂ ಹೆಂಗಸರೂ, ಬಹು ಸಂಖ್ಯೆಯಲ್ಲಿ ಇದ್ದರೆಂಬುದನ್ನು ನಾವು ಮರೆಯಲಾಗದು.

'ಹಂಪ್' ಎಂಬ ಹೆಸರು

ಅಸ್ಸಾಮಿನಿಂದ ಕುನ್ಮಿಂಗ್‌ಗೆ ಆಕಾಶಮಾರ್ಗದಲ್ಲಿ ಸುಮಾರು 500 ಮೈಲಿ. ದೂರವೇನೋ ಹೆಚ್ಚಲ್ಲ. ಆದರೆ ಸಮುದ್ರಮಟ್ಟದಿಂದ ಕೆಲವೇ ನೂರು ಅಡಿ ಎತ್ತರದ ಬ್ರಹ್ಮಪುತ್ರಾ ಕಣಿವೆಯಿಂದ ಏರಿದ ವಿಮಾನ ಮೊದಲು ಪಾಟ್ಕಾಯ್ ಬೆಟ್ಟಗಳನ್ನು ದಾಟಬೇಕು. ಬಳಿಕ ಚಿಂದ್ವಿನ್, ಇರಾವತಿ, ಸಾಲ್ವೀನ್, ಮೆಕಾಂಗ್ ನದಿಗಳ ಆಳವಾದ ಕಣಿವೆಗಳನ್ನೂ ಅವುಗಳ ನಡುವೆ ಗೋಡೆಗಳಂತೆ ನಿಂತ ಪರ್ವತಸಾಲುಗಳನ್ನೂ ಹಾದುಹೋಗಬೇಕು. ಸಾಲ್ವೀನ್ ಮತ್ತು ಮೆಕಾಂಗ್ ನದಿಗಳ ನಡುವಣ ಸಾಲು 15,000 ಅಡಿಗಳವರೆಗೆ ಏರುತ್ತದೆ. ಒಂಟೆಯ ಡುಬ್ಬದಂತೆ ಅಡ್ಡ ನಿಂತ ಈ ಸಾಲಿನಿಂದಲೇ ಇಡೀ ಮಾರ್ಗಕ್ಕೆ 'ಹಂಪ್' ಎಂಬ ಹೆಸರು ಬಂದಿತು. ವಿಮಾನಗಳ ಅವಶೇಷಗಳು ಬಿಸಿಲಿಗೆ ಮಿನುಗುತ್ತಿದ್ದ ಕಾರಣ ಚಾಲಕರು ಅದನ್ನು 'ಅಲ್ಯೂಮಿನಿಯಂ ಹಾದಿ' ಎಂದೂ ಕರೆಯುತ್ತಿದ್ದರು. ಆ ಹೆಸರಿನಲ್ಲಿದ್ದ ನಗೆ ಕಹಿಯಾದ ನಗೆ.

ಅಪಘಾತಗಳ ಕಾರಣಗಳು

ಮೊದಲನೆಯ ಶತ್ರು ಹವಾಮಾನ. ಮಳೆಗಾಲದಲ್ಲಿ ಮೋಡಗಳು ಕಣಿವೆಯಿಂದ ಶಿಖರದವರೆಗೆ ತುಂಬಿ ನಿಲ್ಲುತ್ತಿದ್ದವು. ಚಳಿಗಾಲದಲ್ಲಿ ಗಂಟೆಗೆ 100 ಮೈಲಿಗೂ ಮಿಕ್ಕಿದ ವೇಗದ ಗಾಳಿ ಬೀಸಿ, ವಿಮಾನವನ್ನು ಚಾಲಕನಿಗೆ ತಿಳಿಯದಂತೆಯೇ ದಾರಿಯಿಂದ ಪಕ್ಕಕ್ಕೆ ತಳ್ಳುತ್ತಿತ್ತು. ರೆಕ್ಕೆಗಳ ಮೇಲೆ ಮಂಜುಗಡ್ಡೆ ಕಟ್ಟಿಕೊಂಡರೆ ಭಾರ ಹೆಚ್ಚುವುದಲ್ಲದೆ ರೆಕ್ಕೆಯ ಆಕಾರವೇ ಕೆಟ್ಟು, ಗಾಳಿಯಲ್ಲಿ ತೇಲುವ ಶಕ್ತಿ ಕುಂದುತ್ತದೆ. ಆಗ ಎತ್ತರ ಕಳೆದುಕೊಂಡ ವಿಮಾನಕ್ಕೆ ಕೆಳಗೆ ಬಯಲಿರಲಿಲ್ಲ, ಬಂಡೆಗಳಿದ್ದವು. ದಾರಿ ತೋರುವ ರೇಡಿಯೋ ಕೇಂದ್ರಗಳು ಆರಂಭದಲ್ಲಿ ತೀರ ವಿರಳ. ಭೂಪಟಗಳೂ ನಂಬಿಕೆಗೆ ಅರ್ಹವಾಗಿರಲಿಲ್ಲ.

ಎರಡನೆಯದು ವಿಮಾನಗಳ ಸ್ಥಿತಿ. 1943ರ ಏಪ್ರಿಲ್ ತಿಂಗಳಲ್ಲಿ ಬಂದಿಳಿದ ಸಿ-46 ಎಂಬ ದೊಡ್ಡ ವಿಮಾನಗಳು ಹಳೆಯ ಡಕೋಟಾಗಳ ಇಮ್ಮಡಿ ಭಾರ ಹೊರಬಲ್ಲವಾಗಿದ್ದರೂ, ಸಾಕಷ್ಟು ಪರೀಕ್ಷೆಗೊಳಗಾಗದೆ ಅವಸರದಲ್ಲಿ ಕಳುಹಿಸಲ್ಪಟ್ಟವು. ಅವುಗಳ ಎಂಜಿನ್ ಮತ್ತು ಇಂಧನ ವ್ಯವಸ್ಥೆಯ ದೋಷಗಳು ಹಾರಾಟದ ನಡುವೆಯೇ ಬೆಳಕಿಗೆ ಬಂದವು. ಪೆಟ್ರೋಲ್ ಸಾಗಿಸಲೆಂದೇ ಮಾರ್ಪಡಿಸಿದ ಸಿ-109 ವಿಮಾನಗಳಂತೂ ಇಳಿಯುವಾಗ ಅಪಘಾತಕ್ಕೀಡಾದರೆ ಒಳಗಿದ್ದವರು ಉಳಿಯುವ ಆಸೆಯೇ ಇರುತ್ತಿರಲಿಲ್ಲ.

ಮೂರನೆಯದು ಜಪಾನೀ ಯುದ್ಧವಿಮಾನಗಳು. ಉತ್ತರ ಬರ್ಮಾದ ಮಿಚಿನಾ ಪಟ್ಟಣದ ನಿಲ್ದಾಣ 1942ರ ಮೇ ತಿಂಗಳಲ್ಲಿ ಅವರ ಕೈಸೇರಿದ ಮೇಲೆ, ಸಾಗಣೆ ವಿಮಾನಗಳು ಇನ್ನೂ ಉತ್ತರಕ್ಕೆ ಸರಿದು, ಇನ್ನೂ ಎತ್ತರದ ಬೆಟ್ಟಗಳ ಮೇಲೆ ಹಾರಬೇಕಾಯಿತು. 1944ರ ಆಗಸ್ಟ್ ತಿಂಗಳಲ್ಲಿ ಮಿಚಿನಾ ಮರಳಿ ಕೈಗೆ ಬರುವವರೆಗೆ ಈ ಕಾಟ ತಪ್ಪಲಿಲ್ಲ.

ನಾಲ್ಕನೆಯ ಕಾರಣವೇ ನಮ್ಮ ಚಿಂತನೆಗೆ ಅರ್ಹವಾದುದು. ತಿಂಗಳಿಗೆ ಇಷ್ಟು ಸಾವಿರ ಟನ್ ಸಾಗಲೇಬೇಕೆಂಬ ಒತ್ತಡ ಮೇಲಿನಿಂದ ಬರುತ್ತಿತ್ತು. 1943ರ ಶರತ್ಕಾಲದಿಂದ ರಾತ್ರಿ ಹಾರಾಟವೂ ಆರಂಭವಾಯಿತು. ಹವಾಮಾನ ಎಂತಹುದೇ ಇರಲಿ, ಹಾರಾಟ ನಿಲ್ಲಬಾರದೆಂಬುದು ಅಂದಿನ ಅಧಿಕಾರಿಗಳ ನಿಲುವಾಗಿತ್ತು. ಆ ವರ್ಷದ ಡಿಸೆಂಬರ್ ತಿಂಗಳಲ್ಲಿ 12,000 ಟನ್ನಿಗೂ ಮಿಕ್ಕಿ ಸಾಮಗ್ರಿ ಚೀನಾ ಸೇರಿತು. 1944ರ ಆರಂಭದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್‌ರಿಂದ ಗೌರವ ಪ್ರಶಸ್ತಿಯೂ ಬಂದಿತು. ಆದರೆ ಆ ತಿಂಗಳುಗಳಲ್ಲಿ ಪ್ರತಿ 1,000 ಗಂಟೆಗಳ ಹಾರಾಟಕ್ಕೆ ಸುಮಾರು ಎರಡು ಅಪಘಾತಗಳು ನಡೆಯುತ್ತಿದ್ದವು.

ಬೆಟ್ಟಗಳಿಂದ ಬದುಕಿ ಬಂದವರು

ಬಿದ್ದವರೆಲ್ಲರೂ ಅಳಿಯಲಿಲ್ಲ. 1943ರ ಆಗಸ್ಟ್ 2ರಂದು ಚಬುವಾದಿಂದ ಹೊರಟ ಸಿ-46 ವಿಮಾನವೊಂದರ ಎಂಜಿನ್ ಕೆಟ್ಟು, ಅದು ನಾಗಾ ಬೆಟ್ಟಗಳಲ್ಲಿ ಬಿದ್ದಿತು. ಅದರಲ್ಲಿ ಪ್ರಸಿದ್ಧ ಅಮೆರಿಕನ್ ಪತ್ರಕರ್ತ ಎರಿಕ್ ಸೆವರೈಡ್ ಮತ್ತು ರಾಜತಂತ್ರಜ್ಞ ಜಾನ್ ಡೇವಿಸ್ ಸೇರಿ 21 ಮಂದಿ ಇದ್ದರು. ಪ್ಯಾರಾಷೂಟಿನಲ್ಲಿ ಧುಮುಕಿದ 20 ಮಂದಿ ಬದುಕಿದರು. ಸಹಚಾಲಕನೊಬ್ಬನೇ ವಿಮಾನದೊಡನೆ ಅಸುನೀಗಿದನು. ಗಾಯಾಳುಗಳ ಸುದ್ದಿ ತಿಳಿದೊಡನೆ ಡಾಕ್ಟರ್ ಡಾನ್ ಫ್ಲಿಕಿಂಜರ್ ಎಂಬ ಸೇನಾ ವೈದ್ಯರು ಇಬ್ಬರು ಸಹಾಯಕರೊಂದಿಗೆ ತಾವೂ ಪ್ಯಾರಾಷೂಟಿನಲ್ಲಿ ಅದೇ ಕಾಡಿಗೆ ಇಳಿದರು. ತಲೆ ಬೇಟೆಗೆ ಹೆಸರಾಗಿದ್ದ ಪ್ರದೇಶವದು. ಆದರೂ ಅಲ್ಲಿನ ನಾಗಾ ಜನರು ಅತಿಥಿಗಳನ್ನು ಕೊಲ್ಲಲಿಲ್ಲ, ಆಹಾರ ಕೊಟ್ಟರು. ಮೊಕೊಕ್‌ಚುಂಗ್‌ನಲ್ಲಿದ್ದ ಬ್ರಿಟಿಷ್ ಅಧಿಕಾರಿ ಫಿಲಿಪ್ ಆಡಮ್ಸ್ ನಾಗಾ ಸಂಗಡಿಗರೊಡನೆ ಕಾಲ್ನಡಿಗೆಯಲ್ಲಿ ಬಂದು, ಎಲ್ಲರನ್ನೂ ದಿನಗಟ್ಟಲೆ ನಡೆಸಿಕೊಂಡು ಸುರಕ್ಷಿತವಾಗಿ ಹೊರಗೆ ಕರೆತಂದರು.

ಅದೇ ವರ್ಷ ಕ್ಯಾಪ್ಟನ್ ಜಾನ್ ಪೋರ್ಟರ್ ಎಂಬವರ ನೇತೃತ್ವದಲ್ಲಿ, ಕಾಣೆಯಾದವರನ್ನು ಹುಡುಕಲೆಂದೇ ಚಿಕ್ಕ ತಂಡವೊಂದು ರೂಪುಗೊಂಡಿತು. ಇತರರನ್ನು ಉಳಿಸುವ ಕಾರ್ಯದಲ್ಲಿದ್ದಾಗಲೇ, 1943ರ ಡಿಸೆಂಬರ್ ತಿಂಗಳಲ್ಲಿ, ಶತ್ರುವಿನ ದಾಳಿಗೆ ಸಿಲುಕಿ ಪೋರ್ಟರ್ ಪ್ರಾಣ ತೆತ್ತರು. ಈ ಹಾದಿಯಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಬದುಕಿ ಮರಳಿದರೆಂದು ಹೇಳಲಾಗಿದೆ. ಅವರಿಗೆ ದಾರಿ ತೋರಿಸಿದ, ಗಂಜಿ ಕೊಟ್ಟ, ಹೆಗಲ ಮೇಲೆ ಹೊತ್ತ ಬೆಟ್ಟದ ಜನರ ಹೆಸರುಗಳು ಬಹುಪಾಲು ಯಾವ ದಾಖಲೆಯಲ್ಲಿಯೂ ಇಲ್ಲ.

ಬೆಂಗಳೂರಿನ ಪಾಲು

ಈ ಇತಿಹಾಸದೊಡನೆ ನಮ್ಮ ನಾಡಿಗೂ ನಿಜವಾದ ನಂಟು ಇದೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನದ ಸರ್ಕಾರದ ಸಹಯೋಗದಿಂದ 1940ರ ಡಿಸೆಂಬರ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪನೆಯಾಯಿತು. ಸರ್ ಮಿರ್ಜಾ ಇಸ್ಮಾಯಿಲ್ ಅವರು ಆಗ ದಿವಾನರಾಗಿದ್ದರು. 1943ರಲ್ಲಿ ಅದು ಅಮೆರಿಕದ ವಾಯುಪಡೆಯ ಆಡಳಿತಕ್ಕೆ ಒಳಪಟ್ಟು, 84ನೆಯ ವಾಯು ಡಿಪೋ ಎನಿಸಿತು. ಕ್ಯಾಟಲಿನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳಿಂದ ಮೊದಲ್ಗೊಂಡು, ಭಾರತ ಮತ್ತು ಬರ್ಮಾ ರಂಗಗಳಲ್ಲಿ ಹಾರುತ್ತಿದ್ದ ನಾನಾ ಬಗೆಯ ವಿಮಾನಗಳು ಇಲ್ಲಿಗೆ ದುರಸ್ತಿಗಾಗಿ ಬರುತ್ತಿದ್ದವು. ಯುದ್ಧ ಮುಗಿಯುವ ಹೊತ್ತಿಗೆ ಅದು ಪೌರ್ವಾತ್ಯ ದೇಶಗಳ ಅತಿ ದೊಡ್ಡ ದುರಸ್ತಿ ಕೇಂದ್ರಗಳಲ್ಲಿ ಒಂದಾಗಿತ್ತು. ಸ್ಪ್ಯಾನರ್ ಹಿಡಿದು ಎಂಜಿನ್ ಬಿಚ್ಚಿ ಜೋಡಿಸಿದ ನಮ್ಮ ಕಾರ್ಮಿಕರ ಕೈಗಳ ಎಚ್ಚರವನ್ನು ನಂಬಿಯೇ ದೂರದ ಚಾಲಕನೊಬ್ಬ ಮೋಡಗಳೊಳಗೆ ನುಗ್ಗುತ್ತಿದ್ದನು. ಶ್ರದ್ಧೆಯಿಂದ ಮಾಡಿದ ಕೆಲಸವೂ ಒಂದು ಬಗೆಯ ಪ್ರಾಣರಕ್ಷಣೆಯೇ ಅಲ್ಲವೇ?

ಟನ್ನುಗಳ ಲೆಕ್ಕ, ಪ್ರಾಣಗಳ ಲೆಕ್ಕ

1944ರ ಸೆಪ್ಟೆಂಬರ್ ತಿಂಗಳಲ್ಲಿ ವಿಲಿಯಂ ಟನ್ನರ್ ಎಂಬ ಅಧಿಕಾರಿ ಈ ಸಾಗಣೆಯ ಹೊಣೆ ವಹಿಸಿಕೊಂಡರು. ಅದುವರೆಗೆ 650 ಗಂಟೆ ಹಾರಿದ ಚಾಲಕನು ಊರಿಗೆ ಮರಳಬಹುದೆಂಬ ನಿಯಮವಿತ್ತು. ಬೇಗ ಮನೆ ಸೇರುವ ಆಸೆಯಿಂದ ತರುಣರು ವಿಶ್ರಾಂತಿಯಿಲ್ಲದೆ ಹಾರಿ, ಕೆಲವೇ ತಿಂಗಳುಗಳಲ್ಲಿ ಆ ಗಂಟೆಗಳನ್ನು ಮುಗಿಸಲು ಹೆಣಗುತ್ತಿದ್ದರು. ದಣಿದ ಕಣ್ಣುಗಳು ಬೆಟ್ಟವನ್ನು ಕಾಣುತ್ತಿರಲಿಲ್ಲ. ಟನ್ನರ್ ಗಂಟೆಗಳನ್ನು 750ಕ್ಕೆ ಏರಿಸಿ, ಒಂದು ವರ್ಷ ಇಲ್ಲಿರಲೇಬೇಕೆಂದು ವಿಧಿಸಿದರು. ಇದರಿಂದ ಅವಸರಕ್ಕೆ ಅರ್ಥವೇ ಉಳಿಯಲಿಲ್ಲ. ಪ್ರತಿ ಅಪಘಾತದ ಕಾರಣವನ್ನು ವಿಚಾರಿಸುವ ಪದ್ಧತಿ ಬಂದಿತು. ವಿಮಾನಗಳ ತಪಾಸಣೆ ಕ್ರಮಬದ್ಧವಾಯಿತು.

ಇದರ ಫಲವನ್ನು ಅಂಕಿಗಳೇ ಹೇಳುತ್ತವೆ. 1945ರ ಜನವರಿ ತಿಂಗಳಲ್ಲಿ, ಆ ತಿಂಗಳ 6 ಮತ್ತು 7ರ ಭಯಂಕರ ಬಿರುಗಾಳಿ ಅನೇಕ ವಿಮಾನಗಳನ್ನು ನುಂಗಿದ ಹೊರತಾಗಿಯೂ, 1,000 ಗಂಟೆಗಳಿಗೆ ಅಪಘಾತಗಳ ಪ್ರಮಾಣ ಸುಮಾರು 0.3ಕ್ಕೆ ಇಳಿಯಿತು. ಸಾಗಣೆಯಾದರೋ ಕುಗ್ಗಲಿಲ್ಲ, 1945ರ ಜುಲೈ ಒಂದೇ ತಿಂಗಳಲ್ಲಿ 71,000 ಟನ್ನಿಗೂ ಮಿಕ್ಕಿತು. ಮಿಚಿನಾ ಕೈಗೆ ಬಂದ ಮೇಲೆ ತಗ್ಗಾದ ಹಾದಿ ತೆರೆದದ್ದೂ, ಉತ್ತಮ ವಿಮಾನಗಳು ಬಂದದ್ದೂ ಇದಕ್ಕೆ ನೆರವಾದವು, ನಿಜ. ಆದರೂ ಅದೇ ಪರ್ವತಗಳು, ಅದೇ ಮೋಡಗಳು, ಅದೇ ಗಾಳಿ. ಹಾಗಾದರೆ ಹಿಂದೆ ಮಡಿದವರೆಲ್ಲರೂ ಮಡಿಯಲೇಬೇಕಾಗಿತ್ತೇ ಎಂಬ ಪ್ರಶ್ನೆ ಏಳದೆ ಇರದು. ಇಲ್ಲವೆಂದೇ ಉತ್ತರಿಸಬೇಕಾಗಿದೆ. ಯುದ್ಧ ಪ್ರಾಣಗಳನ್ನು ಬೇಡುತ್ತದೆಂಬ ಮಾತಿನ ಮರೆಯಲ್ಲಿ ಮನುಷ್ಯರ ಅಲಕ್ಷ್ಯವೂ ಅಡಗಿ ಕುಳಿತಿರುತ್ತದೆ. ವೀರರೆಂದು ಹೊಗಳಿದ ಮಾತ್ರಕ್ಕೆ ಆ ಋಣ ತೀರುವುದಿಲ್ಲ.

ಒಟ್ಟಿನಲ್ಲಿ 1945ರ ನವೆಂಬರ್‌ವರೆಗೆ ಸುಮಾರು 6,50,000 ಟನ್ ಸಾಮಗ್ರಿ ಚೀನಾ ಸೇರಿತು. ಮಡಿದವರ ಮತ್ತು ಕಾಣೆಯಾದವರ ಸಂಖ್ಯೆ 1,600ಕ್ಕೂ ಹೆಚ್ಚೆಂದು ಸಾಮಾನ್ಯವಾಗಿ ಎಣಿಸಲಾಗಿದೆ. ಅಮೆರಿಕನ್ನರೊಡನೆ ಚೀನಾದ ನಾಗರಿಕ ವಿಮಾನ ಸಂಸ್ಥೆಯ ಚಾಲಕರೂ ರೇಡಿಯೋ ನಿರ್ವಾಹಕರೂ ಈ ಹಾದಿಯಲ್ಲಿ ಪ್ರಾಣ ಕಳೆದುಕೊಂಡರು.

ಇಂದಿಗೂ ಮುಗಿಯದ ಹುಡುಕಾಟ

ನಮ್ಮ ಧರ್ಮಕೇಂದ್ರದ ಮರಣ ದಾಖಲೆಯ ಪುಸ್ತಕವನ್ನು ತೆರೆದರೆ ಹೆಸರು, ದಿನಾಂಕ, ಸಮಾಧಿಯಾದ ಸ್ಥಳ ಎಲ್ಲವೂ ಸಾಲುಸಾಲಾಗಿ ಕಾಣುತ್ತವೆ. ಬಡವನಾಗಲಿ ಬಲ್ಲಿದನಾಗಲಿ, ಆ ಒಂದು ಸಾಲು ಪ್ರತಿಯೊಬ್ಬನಿಗೂ ಮೀಸಲು. ಆದರೆ ಹಂಪ್ ಹಾದಿಯಲ್ಲಿ ಕಾಣೆಯಾದವರ ಮನೆಗಳಿಗೆ ಬಂದದ್ದು ಒಂದು ತಂತಿ ಮಾತ್ರ. ಶವಪೆಟ್ಟಿಗೆಯಿಲ್ಲ, ಮಣ್ಣು ಹಾಕಲು ಗುಂಡಿಯಿಲ್ಲ. ಯುದ್ಧಾನಂತರ ಹುಡುಕಿದ ಸೇನೆಯೂ ಅನೇಕರನ್ನು ತರಲು ಅಸಾಧ್ಯವೆಂದು ಬರೆದು ಕಡತ ಮುಚ್ಚಿತು. ಮಗ ಎಲ್ಲೋ ಬದುಕಿದ್ದಾನೆಂದು ಕಾಯುತ್ತಲೇ ಕಣ್ಣು ಮುಚ್ಚಿದ ತಾಯಂದಿರ ನೋವನ್ನು ಯಾವ ಅಂಕಿ ಅಳೆಯಬಲ್ಲುದು?

ಆದರೂ ಕಾಡು ಆಗಾಗ ತನ್ನ ಗುಟ್ಟನ್ನು ಬಿಟ್ಟುಕೊಡುತ್ತದೆ. 1943ರ ಮಾರ್ಚ್‌ನಲ್ಲಿ ಬಿದ್ದ ಚೀನೀ ಸಂಸ್ಥೆಯ ವಿಮಾನವೊಂದು 1990ರ ದಶಕದಲ್ಲಿ ಯುನ್ನಾನ್ ಪ್ರಾಂತ್ಯದ ಗಡಿಬೆಟ್ಟಗಳಲ್ಲಿ ದೊರೆಯಿತು. 1944ರ ಜನವರಿ 25ರಂದು ಕುನ್ಮಿಂಗ್‌ನಿಂದ ಚಬುವಾಗೆ ಮರಳುತ್ತಿದ್ದ, ಎಂಟು ಮಂದಿಯಿದ್ದ ಬಿ-24 ಬಾಂಬರ್ ವಿಮಾನವೊಂದರ ಅವಶೇಷವನ್ನು 2006ರಲ್ಲಿ ಅಮೆರಿಕದ ಪರ್ವತಾರೋಹಿ ಕ್ಲೇಟನ್ ಕೂಲ್ಸ್ ಅವರು ಅರುಣಾಚಲ ಪ್ರದೇಶದ ದಮ್ರೋ ಗ್ರಾಮದ ಬಳಿ, ಸ್ಥಳೀಯ ಜನರ ನೆರವಿನಿಂದ ಗುರುತಿಸಿದರು. ಅಲ್ಲಿ ಅಗೆದು ದೊರೆತ ಅಸ್ಥಿಗಳನ್ನು 2016ರಲ್ಲಿ ದೆಹಲಿಯಿಂದ ಸೇನಾ ಗೌರವದೊಡನೆ ಕಳುಹಿಸಿಕೊಡಲಾಯಿತು. ಅವು ಜಾರ್ಜಿಯಾ ರಾಜ್ಯದ ತರುಣ ಲೆಫ್ಟಿನೆಂಟನೊಬ್ಬನವೆಂದು ತಿಳಿದುಬಂದು, 2017ರಲ್ಲಿ, 73 ವರ್ಷಗಳ ತರುವಾಯ, ಅವನ ಸ್ವಂತ ಊರಿನ ನೆಲದಲ್ಲಿ ಸಮಾಧಿಯಾಯಿತು. ಅರುಣಾಚಲದ ಪಾಸಿಘಾಟ್‌ನಲ್ಲಿ 2023ರ ನವೆಂಬರ್ ತಿಂಗಳಲ್ಲಿ ತೆರೆದ ಹಂಪ್ ವಸ್ತುಸಂಗ್ರಹಾಲಯದಲ್ಲಿ ಆ ವಿಮಾನಗಳ ತುಣುಕುಗಳನ್ನು ಸಂರಕ್ಷಿಸಲಾಗಿದೆ.

ಫಿಲಿಪ್ಪೀನ್ಸ್ ದೇಶದ ಮನಿಲಾ ನಗರದಲ್ಲಿ ಅಮೆರಿಕದ ಯೋಧರ ಸಮಾಧಿಭೂಮಿಯೊಂದಿದೆ. ಪತ್ತೆಯಾಗದೆ ಉಳಿದ 36,000ಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಅಲ್ಲಿನ ಗೋಡೆಗಳ ಮೇಲೆ ಕೆತ್ತಲಾಗಿದೆ. ಮೇಲೆ ಹೇಳಿದ ತರುಣನ ಹೆಸರೂ ಅವುಗಳಲ್ಲಿ ಒಂದು. ಆ ಸಾಲಿನ ಯಾರಾದರೊಬ್ಬನ ದೇಹದ ಅವಶೇಷ ದೊರೆತು ಗುರುತಾದರೆ, ಕೆತ್ತಿದ ಹೆಸರನ್ನು ಅಳಿಸುವುದಿಲ್ಲ. ಅದರ ಪಕ್ಕದಲ್ಲಿ ಹೂವಿನಾಕಾರದ ಲೋಹದ ಪುಟ್ಟ ಗುರುತೊಂದನ್ನು ಕೂಡಿಸುತ್ತಾರೆ. ಇವನು ಸಿಕ್ಕಿದ್ದಾನೆ ಎಂಬುದಷ್ಟೇ ಅದರ ಅರ್ಥ. ಆ ಗುರುತಿಗಾಗಿ ಇನ್ನೂ ಸಾವಿರಾರು ಹೆಸರುಗಳು ಕಾಯುತ್ತಿವೆ.