ಫ್ಲ್ಯಾಟ್ ಫ್ರೇಮ್

ಫ್ಲ್ಯಾಟ್ ಫ್ರೇಮ್ ಎಂಬುದು ಖಗೋಳ ಛಾಯಾಗ್ರಹಣದಲ್ಲಿ ಬಳಸುವ ಒಂದು ಬಗೆಯ ತಿದ್ದುಪಡಿ ಚಿತ್ರ. ಸಮವಾಗಿ ಬೆಳಗಿದ ಮೇಲ್ಮೈಯನ್ನು ದೂರದರ್ಶಕದ ಮೂಲಕ ಸೆರೆಹಿಡಿದು ಇದನ್ನು ಪಡೆಯಲಾಗುತ್ತದೆ. ದೂರದರ್ಶಕ, ಫಿಲ್ಟರ್ ಮತ್ತು ಕ್ಯಾಮೆರಾಗಳಿಂದ ಉಂಟಾಗುವ ಪ್ರಕಾಶದ ಏರುಪೇರು ಇದರಲ್ಲಿ ದಾಖಲಾಗುತ್ತದೆ. ಆಕಾಶಕಾಯದ ಚಿತ್ರವನ್ನು ಇದರಿಂದ ಭಾಗಿಸಿದಾಗ ಆ ಏರುಪೇರು ನಿವಾರಣೆಯಾಗುತ್ತದೆ.

ಅಗತ್ಯ

ಫ್ಲ್ಯಾಟ್ ಫ್ರೇಮ್ ಮುಖ್ಯವಾಗಿ ಮೂರು ದೋಷಗಳನ್ನು ಸರಿಪಡಿಸುತ್ತದೆ.

• ವಿನ್ಯೆಟಿಂಗ್: ಚಿತ್ರದ ಮಧ್ಯಭಾಗಕ್ಕಿಂತ ಮೂಲೆಗಳಿಗೆ ಕಡಿಮೆ ಬೆಳಕು ತಲಪುವುದು.
• ಧೂಳಿನ ನೆರಳು: ಫಿಲ್ಟರ್ ಅಥವಾ ಸಂವೇದಕದ ಗಾಜಿನ ಮೇಲಿನ ಕಣಗಳಿಂದ ಮೂಡುವ ಕಲೆಗಳು. ಪ್ರತಿಫಲನ ದೂರದರ್ಶಕಗಳಲ್ಲಿ ಇವು ಬಳೆಯಾಕಾರದಲ್ಲಿರುತ್ತವೆ. ನೆರಳಿನ ವ್ಯಾಸವು ಸಂವೇದಕದಿಂದ ಕಣಕ್ಕಿರುವ ದೂರವನ್ನು ಎಫ್-ಸಂಖ್ಯೆಯಿಂದ ಭಾಗಿಸಿದಷ್ಟಿರುತ್ತದೆ. ಎಫ್-ಸಂಖ್ಯೆ 5 ಆಗಿದ್ದರೆ, 20 ಮಿ.ಮೀ. ದೂರದ ಕಣದ ನೆರಳು ಸುಮಾರು 4 ಮಿ.ಮೀ., 1 ಮಿ.ಮೀ. ದೂರದ ಕಣದ ನೆರಳು ಸುಮಾರು 0.2 ಮಿ.ಮೀ. ಇರುತ್ತದೆ.
• ಪಿಕ್ಸೆಲ್‌ಗಳ ಸಂವೇದನಾಶೀಲತೆಯಲ್ಲಿನ ವ್ಯತ್ಯಾಸ.

ಮಸುಕಾದ ನೀಹಾರಿಕೆಗಳ ಚಿತ್ರದಲ್ಲಿ ಪ್ರಕಾಶವನ್ನು ಹಲವು ಪಟ್ಟು ಹಿಗ್ಗಿಸುವುದರಿಂದ ಸಣ್ಣ ಕಲೆಯೂ ಎದ್ದು ಕಾಣುತ್ತದೆ. ನಕ್ಷತ್ರಗಳ ಪ್ರಕಾಶವನ್ನು ಅಳೆಯುವಾಗ ಈ ತಿದ್ದುಪಡಿ ಇನ್ನೂ ಮಹತ್ವದ್ದು. ಎಚ್‌ಡಿ 209458 ನಕ್ಷತ್ರದ ಮುಂದೆ ಅದರ ಗ್ರಹವು ಹಾದುಹೋಗುವಾಗ ನಕ್ಷತ್ರದ ಬೆಳಕು ಶೇ. 1.5ರ ಆಸುಪಾಸಿನಲ್ಲಿ ಮಾತ್ರ ಕುಗ್ಗುತ್ತದೆ. ನಕ್ಷತ್ರದ ಬಿಂಬವು ಸರಿದು ಧೂಳಿನ ನೆರಳಿಗೆ ಬಂದರೂ ಅಂಥದ್ದೇ ಇಳಿಕೆ ಕಾಣಿಸಿಕೊಳ್ಳಬಹುದು.

ಬೆಳಕಿನ ಫಲಕದ ವಿಧಾನ

ಎಲ್‌ಇಡಿ ಅಥವಾ ವಿದ್ಯುದ್ದೀಪ್ತಿಯ ಫಲಕವನ್ನು ದೂರದರ್ಶಕದ ಬಾಯಿಗೆ ಮುಚ್ಚುವಂತೆ ಇಡಲಾಗುತ್ತದೆ. ಬೆಳಕನ್ನು ಸಮವಾಗಿ ಹರಡಲು ಬಿಳಿ ಅಕ್ರಿಲಿಕ್ ಹಾಳೆಯನ್ನು ಬಳಸುವುದುಂಟು. ಕ್ಯಾಮೆರಾದ ಕೋನ, ನಾಭೀಕರಣ, ಫಿಲ್ಟರ್ ಮತ್ತು ಗೇನ್ ಆಕಾಶದ ಚಿತ್ರ ತೆಗೆದಾಗ ಇದ್ದಂತೆಯೇ ಇರಬೇಕು. ಕ್ಯಾಮೆರಾವನ್ನು ಬಿಚ್ಚಿ ಮತ್ತೆ ಜೋಡಿಸಿದರೆ ಧೂಳಿನ ಸ್ಥಾನ ಬದಲಾಗಿ ಹಳೆಯ ಫ್ಲ್ಯಾಟ್‌ಗಳು ನಿರುಪಯುಕ್ತವಾಗಬಹುದು. ಪ್ರತಿಯೊಂದು ಫಿಲ್ಟರಿಗೂ ಪ್ರತ್ಯೇಕ ಫ್ಲ್ಯಾಟ್‌ಗಳು ಬೇಕು.

ಸರಾಸರಿ ಪಿಕ್ಸೆಲ್ ಮೌಲ್ಯವು ಗರಿಷ್ಠದ ಮೂರನೇ ಒಂದರಿಂದ ಅರ್ಧದವರೆಗೆ ಬರುವಂತೆ ಎಕ್ಸ್‌ಪೋಶರ್ ಅವಧಿಯನ್ನು ಆರಿಸಲಾಗುತ್ತದೆ. 16 ಬಿಟ್‌ನ ಚಿತ್ರದಲ್ಲಿ ಗರಿಷ್ಠ ಮೌಲ್ಯ 65,535 ಆಗಿರುವುದರಿಂದ, ಇದು ಸುಮಾರು 22,000ದಿಂದ 32,000 ಆಗುತ್ತದೆ. ಅನೇಕ ಎಲ್‌ಇಡಿ ಫಲಕಗಳು ಅತಿವೇಗವಾಗಿ ಹೊತ್ತಿ ಆರುವ ಮೂಲಕ ಪ್ರಕಾಶವನ್ನು ತಗ್ಗಿಸುತ್ತವೆ. ಹೀಗಾಗಿ ಅತಿ ಕಡಿಮೆ ಅವಧಿಯ ಚಿತ್ರಗಳಲ್ಲಿ ಪಟ್ಟೆಗಳು ಮೂಡುವ ಸಾಧ್ಯತೆಯಿದೆ. ಬೆಳಕು ಹೆಚ್ಚಾದಲ್ಲಿ ಫಲಕದ ಮೇಲೆ ಬಿಳಿ ಕಾಗದವನ್ನಿಟ್ಟು ಅವಧಿಯನ್ನು ಹೆಚ್ಚಿಸಬಹುದು.

ಸಾಮಾನ್ಯವಾಗಿ 20ರಿಂದ 50 ಚಿತ್ರಗಳ ಸರಾಸರಿಯಿಂದ ಮಾಸ್ಟರ್ ಫ್ಲ್ಯಾಟ್ ಸಿದ್ಧಪಡಿಸುತ್ತಾರೆ. ಒಂದು ಪಿಕ್ಸೆಲ್‌ನಲ್ಲಿ 25,000 ಎಲೆಕ್ಟ್ರಾನುಗಳಿದ್ದರೆ ಬೆಳಕಿನ ಸಹಜ ಗದ್ದಲ ಅದರ ವರ್ಗಮೂಲ, ಅಂದರೆ ಸುಮಾರು 158. ಇದು ಶೇ. 0.63ರಷ್ಟು. 25 ಚಿತ್ರಗಳನ್ನು ಸೇರಿಸಿದಾಗ ಈ ಪ್ರಮಾಣ ಐದನೇ ಒಂದಕ್ಕೆ ಇಳಿಯುತ್ತದೆ.

ಗಣನೆ

ತಿದ್ದಿದ ಚಿತ್ರ = (ಆಕಾಶದ ಚಿತ್ರ − ಡಾರ್ಕ್) ÷ (ಫ್ಲ್ಯಾಟ್ − ಫ್ಲ್ಯಾಟ್ ಡಾರ್ಕ್) × ತಿದ್ದಿದ ಫ್ಲ್ಯಾಟ್‌ನ ಸರಾಸರಿ

ಫ್ಲ್ಯಾಟ್ ಡಾರ್ಕ್ ಎಂದರೆ ಫ್ಲ್ಯಾಟ್‌ನಷ್ಟೇ ಅವಧಿಗೆ ಬೆಳಕಿಲ್ಲದೆ ತೆಗೆದ ಚಿತ್ರ. ಇದನ್ನು ಕಳೆಯದಿದ್ದರೆ ತಿದ್ದುಪಡಿ ಅಪೂರ್ಣವಾಗುತ್ತದೆ. ಮಧ್ಯದಲ್ಲಿ 20,000, ಮೂಲೆಯಲ್ಲಿ 14,000 ಇರುವ ಫ್ಲ್ಯಾಟ್‌ನ ನಿಜವಾದ ಅನುಪಾತ 0.70. ಎರಡಕ್ಕೂ ಕ್ಯಾಮೆರಾದ 1,000 ಮೌಲ್ಯ ಸೇರಿಕೊಂಡರೆ ಅನುಪಾತ 0.714 ಆಗಿ, ಮೂಲೆಯು ಶೇ. 2ರಷ್ಟು ಕಪ್ಪಾಗಿಯೇ ಉಳಿಯುತ್ತದೆ.

ಇತರ ವಿಧಾನಗಳು

ಮುಸ್ಸಂಜೆ ಅಥವಾ ಮುಂಜಾನೆಯ ಆಕಾಶದಿಂದಲೂ ಫ್ಲ್ಯಾಟ್ ಪಡೆಯಬಹುದು. ಆಗ ಆಕಾಶದ ಪ್ರಕಾಶ ಬೇಗ ಬದಲಾಗುವುದರಿಂದ ಸಮಯ ಕಡಿಮೆ ಸಿಗುತ್ತದೆ. ವೀಕ್ಷಣಾಲಯಗಳಲ್ಲಿ ಗುಮ್ಮಟದೊಳಗಿನ ಬೆಳಗಿದ ಪರದೆಯನ್ನೂ, ಹವ್ಯಾಸಿಗಳಲ್ಲಿ ದೂರದರ್ಶಕದ ಬಾಯಿಗೆ ಬಿಗಿದ ಬಿಳಿ ಬಟ್ಟೆಯನ್ನೂ ಬಳಸುವ ರೂಢಿಯಿದೆ.

ಮಿತಿಗಳು

ನಗರದ ದೀಪಗಳಿಂದ ಅಥವಾ ಚಂದ್ರನಿಂದ ಆಕಾಶದಲ್ಲಿ ಉಂಟಾಗುವ ಪ್ರಕಾಶದ ಇಳಿಜಾರನ್ನು ಫ್ಲ್ಯಾಟ್ ಫ್ರೇಮ್ ಸರಿಪಡಿಸುವುದಿಲ್ಲ. ಫಲಕವೇ ಅಸಮವಾಗಿ ಬೆಳಗಿದ್ದರೆ ಆ ದೋಷವು ಅಂತಿಮ ಚಿತ್ರಕ್ಕೂ ಸೇರುತ್ತದೆ. ಫಲಕವನ್ನು 90 ಡಿಗ್ರಿ ತಿರುಗಿಸಿ ತೆಗೆದ ಎರಡು ಫ್ಲ್ಯಾಟ್‌ಗಳನ್ನು ಒಂದರಿಂದ ಇನ್ನೊಂದನ್ನು ಭಾಗಿಸಿ ಇದನ್ನು ಪರೀಕ್ಷಿಸಬಹುದು.