ಸೈಕಲ್ಲಿಗೆ ಯಾವ ಕೀಲೆಣ್ಣೆ?

ಕಾಂಗೇಯದ ಎತ್ತುಗಳ ಮೈಕಟ್ಟನ್ನು ಹೊಗಳಿದವರು ಅನೇಕರು. ಆ ಎತ್ತುಗಳು ಎಳೆದ ಗಾಡಿಯ ಅಚ್ಚಿಗೆ ಏನನ್ನು ಹಚ್ಚುತ್ತಿದ್ದರೆಂದು ಬರೆದಿಟ್ಟವರು ವಿರಳ. ನಮ್ಮ ಕೊಂಗುನಾಡಿನ ಗಾಡಿಗಳ ಕೆಳಗೆ ಒಂದು ಬಿದಿರಿನ ಕೊಳವೆ ತೂಗಾಡುತ್ತಿತ್ತು. ಅದರೊಳಗೆ, ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿದ ಕರ್ರಗಿನ ಲೇಪ. ಕನ್ನಡದಲ್ಲಿ ಅದು ಕೀಲೆಣ್ಣೆ. ತಮಿಳಿನಲ್ಲಿ ವಂಡಿ ಮೈ. ಕಣ್ಣಿಗೆ ತೀಡುವ ಕಾಡಿಗೆಗೂ ಅಚ್ಚಿಗೆ ಬಳಿಯುವ ಲೇಪಕ್ಕೂ ‘ಮೈ’ ಎಂಬ ಒಂದೇ ಮಾತು ಸಾಕೆಂದ ತಮಿಳರ ಔದಾರ್ಯ ನಮಗೆ ಬಹಳ ಹಿಡಿಸಿದೆ.

ಹರಳೆಣ್ಣೆಯೊಂದೇ ಸಾಲದೇ, ಕರಿ ಏಕೆ? ಬರಿಯ ಎಣ್ಣೆ ತಿರುಗುವ ಅಚ್ಚಿನಿಂದ ಜಾರಿ ಹೋಗುತ್ತದೆ. ಕರಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಇಂದು ಡಬ್ಬಿಯಲ್ಲಿ ಬರುವ ಗ್ರೀಸಿನ ತತ್ತ್ವವೂ ಇಷ್ಟೆ. ಅದರ ಬಹುಭಾಗ ಎಣ್ಣೆಯೇ. ಎಣ್ಣೆಯನ್ನು ಹಿಡಿದಿಡಲು ಕರಿಯ ಬದಲಿಗೆ ಒಂದು ಬಗೆಯ ಸಾಬೂನನ್ನು ಬೆರೆಸಿರುತ್ತಾರೆ. ಆದುದರಿಂದ ಸೈಕಲ್ಲಿಗೆ ತಕ್ಕ ಗ್ರೀಸು ಯಾವುದೆಂಬ ವಿಚಾರವನ್ನು ನಾವು ಈ ಗಾಡಿಯಿಂದಲೇ ಆರಂಭಿಸಿದ್ದೇವೆ.

ಗಾಡಿಯ ಅಚ್ಚು ಉಜ್ಜಿಕೊಂಡು ತಿರುಗಿದರೆ ಸೈಕಲ್ಲಿನ ಗಾಲಿ ಉಕ್ಕಿನ ಗುಂಡುಗಳ ಮೇಲೆ ಉರುಳುತ್ತದೆ. ಸೈಕಲ್ಲಿಗೆ ಗುಂಡುಗಳನ್ನು ಅಳವಡಿಸುವ ಹಕ್ಕುಪತ್ರವನ್ನು ಪ್ಯಾರಿಸಿನ ಜೂಲ್ ಸುರಿರೇ 1869ರಲ್ಲಿ ಪಡೆದನು. ಅದೇ ವರುಷದ ನವೆಂಬರಿನಲ್ಲಿ ಪ್ಯಾರಿಸಿನಿಂದ ರೂಆನಿಗೆ ನಡೆದ ಪಂದ್ಯದಲ್ಲಿ ಗೆದ್ದ ಜೇಮ್ಸ್ ಮೂರ್ ಏರಿದ್ದುದು ಇಂಥ ಗುಂಡುಗಳಿದ್ದ ಸೈಕಲ್ಲನ್ನೇ. ಇಂದಿಗೂ ನಮ್ಮ ಸಾಮಾನ್ಯ ಸೈಕಲ್ಲಿನ ಮುಂದಿನ ಹಬ್ಬಿನಲ್ಲಿ ಬದಿಗೆ 10 ಸಣ್ಣ ಗುಂಡುಗಳು, ಹಿಂದಿನದರಲ್ಲಿ ಬದಿಗೆ 9 ದೊಡ್ಡ ಗುಂಡುಗಳು ಇರುತ್ತವೆ. ಬಿಚ್ಚುವ ಬಾಲಕರು ಎಣಿಸಿಟ್ಟುಕೊಳ್ಳುವುದು ಲೇಸು; ಒಂದಾದರೂ ನೆಲದಲ್ಲಿ ಉರುಳದೆ ಇರದು.

ಕೊಯಮತ್ತೂರಿನಲ್ಲಿ ಮೊದಲ ನೂಲಿನ ಗಿರಣಿ 1888ರಲ್ಲಿ ತಲೆಯೆತ್ತಿತು. 1932ರಲ್ಲಿ ಪೈಕಾರಾ ಜಲವಿದ್ಯುತ್ತು ದೊರೆತ ತರುವಾಯ ಗಿರಣಿಗಳು ಸಾಲುಸಾಲಾಗಿ ಎದ್ದವು. ಸೈಕಲ್ಲುಗಳು ಆಗ ಇಂಗ್ಲೆಂಡಿನಿಂದ ಹಡಗೇರಿ ಬರುತ್ತಿದ್ದವು. ಮದರಾಸಿನ ಬಳಿಯ ಅಂಬತ್ತೂರಿನ ಟಿ.ಐ. ಸೈಕಲ್ಸ್ ಸಂಸ್ಥೆ 1949ರಲ್ಲಿ ಸ್ಥಾಪಿತವಾದ ಮೇಲೆ ಇಲ್ಲಿಯೇ ತಯಾರಾದವು ದೊರೆಯತೊಡಗಿದವು. ಗಿರಣಿಯ ಪಾಳಿಗೆ ಹೋಗುವವರು, ನೂಲಿನ ಗಂಟು ಹೊತ್ತ ನಮ್ಮ ದೇವಾಂಗ ನೇಕಾರರು, ಹಳ್ಳಿಯ ಶಾಲೆಗಳ ಉಪಾಧ್ಯಾಯರು, ಎಲ್ಲರಿಗೂ ಅದೇ ವಾಹನವಾಯಿತು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಯ ತಾಲ್ಲೂಕೇ ಆಗಿತ್ತೆಂಬುದನ್ನು ಇಂದಿನ ವಿದ್ಯಾರ್ಥಿಗಳು ಅರಿಯರು. ಅದು ಮೈಸೂರಿಗೆ ಸೇರಿತು. ಕನ್ನಡದ ತಾಳವಾಡಿ ಈ ಕಡೆಯೇ ಉಳಿದು, ಈಗ ಈರೋಡು ಜಿಲ್ಲೆಯಲ್ಲಿದೆ. ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದುದು 2009ರಲ್ಲಿ.

ಇನ್ನು ಸಾಬೂನುಗಳ ಚರಿತ್ರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲು ಬಳಕೆಗೆ ಬಂದುದು ಸುಣ್ಣದ ಸಾಬೂನಿನ, ಎಂದರೆ ಕ್ಯಾಲ್ಸಿಯಂ ಗ್ರೀಸು. ನೀರಿಗೆ ಅದು ಜಗ್ಗದು, ಆದರೆ ಬಿಸಿಗೆ ಕರಗಿ ಹೋಗುವುದು. ತರುವಾಯ ಬಂದ ಸೋಡಿಯಂ ಗ್ರೀಸು ಬಿಸಿಯನ್ನು ತಾಳುತ್ತದೆ, ನೀರು ಸೋಕಿದರೆ ಹಾಲಿನಂತಾಗಿ ಹರಿದುಹೋಗುತ್ತದೆ. ಎರಡೂ ಗುಣಗಳು ಒಂದರಲ್ಲೇ ಕೂಡಿದುದು ಲಿಥಿಯಂ ಗ್ರೀಸಿನಲ್ಲಿ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಅಮೆರಿಕದ ಕ್ಲಾರೆನ್ಸ್ ಅರ್ಲ್ ಇದಕ್ಕೆ ಹಕ್ಕುಪತ್ರ ಪಡೆದನು. ಇಂದು ಲೋಕದಲ್ಲಿ ತಯಾರಾಗುವ ಗ್ರೀಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಈ ಬಗೆಯದೇ.

ಇಲ್ಲಿ ವಾಚಕರು ಒಂದು ಕ್ಷಣ ನಿಲ್ಲಬೇಕು. ಆ ಲಿಥಿಯಂ ಸಾಬೂನಿಗೆ ಬೇಕಾದ ಕೊಬ್ಬಿನ ಆಮ್ಲವನ್ನು ಸಾಮಾನ್ಯವಾಗಿ ಪಡೆಯುವುದು ಯಾವುದರಿಂದ? ಹರಳೆಣ್ಣೆಯಿಂದ! ಹರಳೆಣ್ಣೆಗೆ ಜಲಜನಕವನ್ನು ಹಾಯಿಸಿ ಮೇಣದಂತೆ ಗಟ್ಟಿ ಮಾಡಿ, ಅದರಿಂದ ಹೈಡ್ರಾಕ್ಸಿಸ್ಟಿಯರಿಕ್ ಆಮ್ಲವನ್ನು ತೆಗೆಯುತ್ತಾರೆ. ಹರಳನ್ನು ಲೋಕದಲ್ಲೆಲ್ಲ ಹೆಚ್ಚಾಗಿ ಬೆಳೆಯುವ ದೇಶ ನಮ್ಮದೇ, ಅದರಲ್ಲಿಯೂ ಗುಜರಾತು. ಗಾಡಿಯ ಕೊಳವೆಯಲ್ಲಿ ಎಣ್ಣೆಯಾಗಿದ್ದುದು ಡಬ್ಬಿಯಲ್ಲಿ ಎಣ್ಣೆಯನ್ನು ಹಿಡಿಯುವ ಸಾಬೂನಾಗಿ ಮರಳಿದೆ. ಗಾಡಿಯವನ ಬುದ್ಧಿಯನ್ನು ಹಳೆಯದೆಂದು ನಕ್ಕವರು ಅಂಗಡಿಯಲ್ಲಿ ಹಣ ಕೊಟ್ಟು ಅದನ್ನೇ ಕೊಳ್ಳುತ್ತಿದ್ದಾರೆ. ಹಾಗೆಂದು ಬರಿಯ ಹರಳೆಣ್ಣೆಯನ್ನು ಹಬ್ಬಿಗೆ ಸುರಿಯತಕ್ಕದ್ದಲ್ಲ. ಅದು ಕಾಲಕ್ರಮದಲ್ಲಿ ಅಂಟಾಗುತ್ತದೆ. ಗಾಡಿಯವನು ಆಗಾಗ ಹೊಸದಾಗಿ ಹಚ್ಚುತ್ತಿದ್ದನು, ಅವನಿಗೆ ನಡೆಯಿತು.

ಗ್ರೀಸಿನ ಬಣ್ಣವನ್ನು ನೋಡಿ ಮೋಸಹೋಗಬಾರದು. ನೀಲಿಯೂ ಕೆಂಪೂ ಬೆರೆಸಿದ ಬಣ್ಣಗಳೇ. ನೋಡಬೇಕಾದುದು ಡಬ್ಬಿಯ ಮೇಲಿನ ಅಂಕೆಯನ್ನು. 1933ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಎನ್.ಎಲ್.ಜಿ.ಐ. ಸಂಸ್ಥೆ 1938ರಲ್ಲಿ ಗ್ರೀಸಿನ ಗಡಸನ್ನು ಅಂಕೆಗಳಿಂದ ಗುರುತಿಸಿತು. 25 ಡಿಗ್ರಿ ಉಷ್ಣದಲ್ಲಿ ಒಂದು ಲೋಹದ ಶಂಕುವನ್ನು ಗ್ರೀಸಿನೊಳಕ್ಕೆ ಬಿಟ್ಟು, ಅದು 5 ಸೆಕೆಂಡಿನಲ್ಲಿ ಎಷ್ಟು ಇಳಿಯಿತೆಂದು ಅಳೆಯುತ್ತಾರೆ. 26.5ರಿಂದ 29.5 ಮಿಲಿಮೀಟರು ಇಳಿದರೆ ಅದು 2ನೆಯ ದರ್ಜೆ. ಸೈಕಲ್ಲಿನ ಹಬ್ಬಿಗೂ ಹ್ಯಾಂಡಲಿನ ಗುಂಡುಗಳಿಗೂ ಪೆಡಲಿಗೂ ಇದೇ ತಕ್ಕದ್ದು. ಸೈಕಲ್ಲಿನ ಹಬ್ಬು ಎಂದೂ ಸುಡುವಷ್ಟು ಬಿಸಿಯಾಗದ ಕಾರಣ, ಅಗ್ಗದ ಕ್ಯಾಲ್ಸಿಯಂ ಗ್ರೀಸನ್ನೂ ನಾವು ತಳ್ಳಿಹಾಕುವುದಿಲ್ಲ. ಮಳೆಗೆ ಅದು ಚೆನ್ನಾಗಿಯೇ ನಿಲ್ಲುತ್ತದೆ. ಆದರೆ ಚೈನಿಗೆ ಗ್ರೀಸು ಬೇಡ. ಆಷಾಢದಲ್ಲಿ ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿ ಪಲ್ಲಡಂ, ಉಡುಮಲೈಪೇಟೆಗಳ ಧೂಳನ್ನೆಲ್ಲ ಹೊತ್ತು ತಂದು ಆ ಗ್ರೀಸಿಗೆ ಮೆತ್ತಿ, ಅರೆಯುವ ಹಿಟ್ಟನ್ನಾಗಿ ಮಾಡುತ್ತದೆ. ಚೈನಿಗೂ ಫ್ರೀವೀಲಿಗೂ ತೆಳುವಾದ ಎಣ್ಣೆಯೇ ಸರಿ.

ಇಷ್ಟೆಲ್ಲ ನಾವು ತಿಳಿದುದು ಒಂದು ನಷ್ಟದ ಮೇಲೆ. ನಮ್ಮ ಊರು ಮೋಟಾರುಗಳ ಊರು. ಗ್ರೀಸು ಕೇಳಿದಲ್ಲಿ ದೊರೆಯುತ್ತದೆ. ಮೋಟಾರು ದುರಸ್ತಿಯ ಗೆಳೆಯರೊಬ್ಬರಿಂದ ಒಂದು ಮುದ್ದೆ ಗ್ರೀಸನ್ನು ಬೇಡಿ ತಂದು, ಹಬ್ಬಿನ ಹಳೆಯ ಲಿಥಿಯಂ ಗ್ರೀಸಿನ ಮೇಲೆಯೇ ತುಂಬಿದೆವು. ಅದು ಪಾಲಿಯೂರಿಯಾ ಎಂಬ ಬೇರೊಂದು ಜಾತಿಯದು; ಬಲು ಉತ್ತಮವಾದುದೇ. ಆದರೆ ಅದಕ್ಕೂ ಲಿಥಿಯಂ ಸಾಬೂನಿಗೂ ಸಾಮಾನ್ಯವಾಗಿ ಹೊಂದಿಕೆಯಿಲ್ಲವೆಂಬುದನ್ನು ನಾವು ಬಲ್ಲವರಲ್ಲ. ಎರಡೂ ಬೆರೆತು ನೀರಾಗಿ, ಕಡ್ಡಿಗಳ ಗುಂಟ ಹರಿದು, ಕ್ಯಾರಿಯರಿನ ಬದಿಯಲ್ಲಿ ಇಳಿಬಿಟ್ಟಿದ್ದ ಬಿಳಿಯ ನೂಲಿನ ಗಂಟಿಗೆ ಸಿಡಿದವು. ಮನೆ ಸೇರಿ ಗಂಟು ಬಿಚ್ಚಿದಾಗ ಹೊರಸುತ್ತಿನ ಲಡಿಗಳೆಲ್ಲ ಮಚ್ಚೆ ಮಚ್ಚೆ. ಸೀಮೆಎಣ್ಣೆ, ಸಾಬೂನು, ಸೀಗೆಪುಡಿ ಯಾವುದಕ್ಕೂ ಆ ಮಚ್ಚೆ ಬಿಡಲಿಲ್ಲ. ಅವುಗಳ ಬೆಲೆ ಕೂಲಿಯಲ್ಲಿ ಮುರಿಯಿತು. ಆ ವಾರ ಮನೆಯಲ್ಲಿ ಯಾರೂ ನಮ್ಮೊಡನೆ ಸೈಕಲ್ಲಿನ ಮಾತನ್ನೆತ್ತಲಿಲ್ಲ.

ಅಂದಿನಿಂದ ಆಯುಧಪೂಜೆಯ ಹಿಂದಿನ ದಿನ ನಾವು ಹಬ್ಬನ್ನು ಬಿಚ್ಚುತ್ತೇವೆ. ನಮ್ಮಲ್ಲಿ ಜೋರು ಮಳೆ ಆ ಬಳಿಕವೇ ಹಿಡಿಯುವುದು. ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಪೂರ್ತಿಯಾಗಿ ತೊಳೆದು, ಒಣಗಿಸಿ, ಗುಂಡುಗಳು ಅರ್ಧ ಮುಳುಗುವಷ್ಟು ಹೊಸದನ್ನಿಟ್ಟು, ಹೊರಗೆ ಉಬ್ಬಿದುದನ್ನು ಬಟ್ಟೆಯಿಂದ ಒರೆಸುತ್ತೇವೆ. ಹನ್ನೊಂದನೆಯ ತರಗತಿಯಲ್ಲಿ ಸರಕಾರದಿಂದ ಸೈಕಲ್ಲು ಪಡೆದ ನೆರೆಮನೆಯ ಹುಡುಗಿಯೂ ತನ್ನದನ್ನು ತಂದು ನಿಲ್ಲಿಸುತ್ತಾಳೆ. ಗುಂಡುಗಳನ್ನು ಎಣಿಸುವ ಕೆಲಸ ಅವಳದು.